ಮೊದಲ ಕೊಡದ ಮಾನ

ಹೋದ ವಾರ ನಮ್ಮ ಮನೆಯ ನಳಕ್ಕೆ ಬಂದ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ತುಸು ಹೆಚ್ಚೇ ಇತ್ತು. ಸೊಸೆ ತಂಬಿಗೆಯನ್ನು ಮೂಗಿನ ಹತ್ತಿರ ಹಿಡಿದು, ಮುಖ ಸಿಂಡರಿಸಿ, "ಮಾವಾರ, ಇದನ್ನ ಹೆಂಗ ಕುಡಿಯೂದ್ರಿ? ಅಗದಿ ದವಾಖಾನಿ ನಾತ ಹೊಡಿಯಾಕತ್ತೈತಿ" ಎಂದಳು. ನಾನು ತಂಬಿಗೆಯನ್ನು ಅವಳ ಕೈಯಿಂದ ಇಸಿದುಕೊಂಡು ಅಷ್ಟನ್ನೂ ಕುಡಿದೆ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಸೊಸೆ ಗಾಬರಿಯಾಗಿ ನೋಡುತ್ತ ನಿಂತಳು. ಆ ವಾಸನೆ ನನಗೆ ಮೊದಲ ಸಲ ಬಡಿದದ್ದು ನೀರಿನಿಂದಲ್ಲ, ಒಬ್ಬ ಹೆಣ್ಣುಮಗಳ ಮುಖದಿಂದ ಎಂಬುದನ್ನು ಅವಳಿಗೆ ಹೇಗೆ ಹೇಳಲಿ...

ಆ ಹೆಣ್ಣುಮಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರು ಅವರನ್ನು ಹೆಸರು ಹಿಡಿದು ಎಂದೂ ಕರೆಯಲಿಲ್ಲ. ನರ್ಸಬಾಯಿ ಎಂದು ಕರೆಯಿತು, ನರ್ಸಬಾಯಿ ಎಂದು ಬೈಯಿತು, ನರ್ಸಬಾಯಿ ಎಂದೇ ಹೊಡೆಯಿತು. ಹೊಡೆದವರ ಹೆಸರುಗಳನ್ನೂ ಬರೆಯುವುದಿಲ್ಲ. ಆದರೆ ಯಾರು, ಯಾವ ಕೈಯಿಂದ, ಯಾವ ವಸ್ತುವಿನಿಂದ ಹೊಡೆದರು ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಮೂವತ್ತೆರಡು ವರ್ಷ ಹಾಜರಿ ಕರೆದ ಮಾಸ್ತರನಿಗೆ ಮುಖಗಳು ಮರೆಯುವುದಿಲ್ಲ. ಅವರಲ್ಲಿ ಅರ್ಧದಷ್ಟು ಮಂದಿ ನನ್ನ ಕೈಯಲ್ಲಿಯೇ ಅಕ್ಷರ ಕಲಿತವರು.

ನಮ್ಮದು ಮೊರಬದ ಆಚೆಗಿನ ಎರೆಭೂಮಿಯ ಊರು. ಇಲ್ಲಿ ಕೊಳವೆಬಾವಿ ಕೊರೆದರೆ ಬರುವುದು ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕಟ್ಟುವುದಿಲ್ಲ. ಆಗ ಮನೆಮನೆಗೆ ನಳ ಬಂದಿರಲಿಲ್ಲ, ಕುಡಿಯುವುದಕ್ಕೆ ಕೆರೆಯೊಂದೇ ಗತಿ. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳಬೇಕು; ಮುಂದಿನ ಸರದಿಯವರೆಗೆ ಅದೇ ನೀರು. ಹೀಗಾಗಿ ನಮ್ಮ ಕೆರೆಗೆ ದೇವರ ಮರ್ಯಾದೆ. ಚಪ್ಪಲಿ ಮೆಟ್ಟಿ ಯಾರೂ ಮೆಟ್ಟಿಲು ಇಳಿಯುವುದಿಲ್ಲ. ದನ ಇಳಿಸುವುದಿಲ್ಲ, ಅರಿವೆ ಒಗೆಯುವುದಿಲ್ಲ, ಬೂದಿಯಿಂದ ತಿಕ್ಕಿ ಬೆಳಗಿದ ಕೊಡವನ್ನಲ್ಲದೆ ಬೇರೆ ಪಾತ್ರೆ ಅದ್ದುವುದಿಲ್ಲ. ಈ ಶಿಸ್ತಿನ ಬಗ್ಗೆ ನಮಗಿದ್ದ ಹೆಮ್ಮೆ ಎಂಥದೆಂದರೆ, ನಮ್ಮ ಕೆರೆಯ ನೀರು ಕೆಡಬಹುದು ಎಂಬ ಮಾತೇ ನಮಗೆ ಬೈಗುಳದಂತೆ ಕೇಳಿಸುತ್ತಿತ್ತು. ನಮ್ಮ ಮೆಟ್ಟಿಲಿಗೆ ಬರುವ ಮುಂಚೆ ಆ ನೀರು ಎಷ್ಟು ಊರುಗಳ ಹೊಲಸು ತೊಳೆದು ಬಂದಿದೆ ಎಂಬುದನ್ನು ನಮ್ಮಲ್ಲಿ ಒಬ್ಬನೂ ಯೋಚಿಸಿರಲಿಲ್ಲ.

ಹೊಸ ನೀರು ಬಂದ ಮೂರನೆಯ ದಿನ ಮುಂಜಾನೆ ಗಂಗವ್ವನ ಪೂಜೆ. ಉಡಿ ತುಂಬಿ, ಎಡೆ ಕೊಟ್ಟು, ಮೊದಲ ಕೊಡ ಎತ್ತಬೇಕು. ಅದನ್ನು ಬಸವಣ್ಣನ ಗುಡಿಗೆ ಒಯ್ದು ಅಭಿಷೇಕ ಮಾಡಿ, ಉಳಿದದ್ದನ್ನು ನೆರೆದವರ ಬೊಗಸೆಗೆ ಹಾಕಬೇಕು. ಆಮೇಲೆಯೇ ಊರಿನ ಕೊಡಗಳು ನೀರಿಗೆ ಇಳಿಯುವುದು. ಮೊದಲ ಕೊಡ ಎತ್ತುವ ಮಾನ ನಮ್ಮ ಮನೆತನದ್ದು. ಅಜ್ಜ ಎತ್ತಿದ, ಅಪ್ಪ ಎತ್ತಿದರು, ನಾನು ಎತ್ತುತ್ತಿದ್ದೆ. ನಾವು ಎತ್ತುವ ತನಕ ಆ ಕೆರೆಯಿಂದ ಒಂದು ಹನಿಯನ್ನೂ ಯಾರೂ ಮುಟ್ಟುವಂತಿರಲಿಲ್ಲ.

ನರ್ಸಬಾಯಿಯವರು ಬಂದದ್ದು ಕೊರೋನಾಕ್ಕಿಂತ ಮುಂಚೆ, ಸರ್ಕಾರ ಹಳ್ಳಿಯ ಉಪಕೇಂದ್ರಗಳ ಬಣ್ಣ ಬದಲಿಸಿ, ಬೋರ್ಡು ಬದಲಿಸಿ, ಕೆಲಸವನ್ನೂ ಬದಲಿಸಿದ ಕಾಲದಲ್ಲಿ. ಅಲ್ಲಿಯವರೆಗೆ ಆ ಎರಡು ಕೋಣೆಯ ಕಟ್ಟಡ ಬಸುರಿಯರಿಗೂ ಕೂಸುಗಳ ಲಸಿಕೆಗೂ ಮಾತ್ರ ಮೀಸಲಾಗಿತ್ತು. ಇನ್ನು ಮೇಲೆ ಮೂವತ್ತು ದಾಟಿದ ಪ್ರತಿಯೊಬ್ಬರ ಬೀಪಿ, ಶುಗರ್, ಬಾಯೊಳಗಿನ ಹುಣ್ಣು ನೋಡಬೇಕು. ಕುಡಿಯುವ ನೀರನ್ನು ಪರೀಕ್ಷಿಸಬೇಕು. ಊರಿಗೊಂದು ಆರೋಗ್ಯ ಸಮಿತಿ ಇರಬೇಕು. ಜಡ್ಡು ಬಂದ ಮೇಲೆ ಓಡಾಡುವ ಬದಲು ಬರುವ ಮುಂಚೆಯೇ ತಡೆಯಬೇಕು. ಇದು ಹೊಸ ಸುಧಾರಣೆ. ಅದಕ್ಕಿಂತ ಸರಿಯಾದ ಮಾತನ್ನು ಯಾವ ಸರ್ಕಾರವೂ ಕಾಗದದ ಮೇಲೆ ಬರೆದಿರಲಿಕ್ಕಿಲ್ಲ. ಆದರೆ ಆ ಮಾತನ್ನು ಇಡೀ ಊರಿನ ಗಂಟಲಿಗೆ ಇಳಿಸಲು ಕಳಿಸಿದ್ದು ಮಿಶ್ರಿಕೋಟಿ ಕಡೆಯ, ಮೂವತ್ತರ ಒಳಗಿನ, ಹಳೆಯ ಸ್ಕೂಟಿಯ ಒಬ್ಬಳೇ ಹೆಣ್ಣುಮಗಳನ್ನು. ಜೊತೆಗೆ ಒಂದು ಬಕೆಟ್ಟು ಬ್ಲೀಚಿಂಗ್ ಪುಡಿ.

ಮೊದಲು ನನ್ನ ದೂರನ್ನು ಹೇಳಿಬಿಡುತ್ತೇನೆ. ಅದನ್ನು ಬಚ್ಚಿಟ್ಟರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಬಂದ ತಿಂಗಳಲ್ಲೇ ಅವರು ಪಂಚಾಯತಿ ಕಟ್ಟೆಯ ಮೇಲೆ ತಪಾಸಣೆ ಇಟ್ಟಿದ್ದರು. ಆರೋಗ್ಯ ಸಮಿತಿಯ ಅಧ್ಯಕ್ಷನೆಂದು ನನ್ನನ್ನೇ ಮೊದಲು ಕೂಡ್ರಿಸಿದರು. ತೋಳಿಗೆ ಪಟ್ಟಿ ಸುತ್ತಿ, ಬೆರಳು ಚುಚ್ಚಿ, ಇಡೀ ಓಣಿಗೆ ಕೇಳುವಂತೆ ಹೇಳಿದರು: "ಮಾಸ್ತರ, ಬೀಪಿ ನೂರಾ ಎಂಬತ್ತು ಐತ್ರಿ! ಶುಗರೂ ಐತಿ! ಮಂದಿಗೆ ಪಾಠ ಹೇಳಿದೋರು ನೀವ ಹಿಂಗ ಇದ್ರ ಹೆಂಗ್ರಿ?"

ಕಟ್ಟೆಯ ಮೇಲಿದ್ದ ಕ್ಷೌರಿಕ ನನ್ನ ಹಳೆಯ ವಿದ್ಯಾರ್ಥಿ. "ಬೀಪಿ ಇರಾಕಬೇಕಲ್ರಿ ಬಾಯಾರ, ನಮ್ಮನ್ನ ಬಡದು ಬಡದು ಗಳಿಸಿದ್ದದು!" ಎಂದ. ಕಟ್ಟೆಗೆ ಕಟ್ಟೆಯೇ ನಕ್ಕಿತು. ನಾನು ಎದ್ದು ಬಂದೆ. ಎಂಟು ತಿಂಗಳು ಆ ಕೇಂದ್ರದ ಮೆಟ್ಟಿಲು ಹತ್ತಲಿಲ್ಲ.

ನನ್ನ ಅಕ್ಕ ಮಾತ್ರ ಬಿಡಲಿಲ್ಲ. ಗಂಡ ತೀರಿದ ಮೇಲೆ ನಮ್ಮ ಮನೆಗೇ ಬಂದು ಇದ್ದವಳು, ನನ್ನನ್ನು ಎತ್ತಿ ಆಡಿಸಿದವಳು. ಅವಳಿಗೂ ಸಕ್ಕರೆ ಕಾಯಿಲೆ ಇದೆಯೆಂದು ಅದೇ ದಿನ ಗೊತ್ತಾಗಿತ್ತು. "ಲೇ ತಮ್ಮಾ, ನಿನಗ ಸಿಟ್ಟು ಬಂದಿದ್ದು ಬೀಪಿ ಮ್ಯಾಲಲ್ಲ, ನಾಲ್ಕ ಮಂದಿ ಮುಂದ ಹೇಳಿದ್ದಕ್ಕ. ಆ ಹುಡುಗಿ ಹೇಳೂದು ಖರೇ ಐತಿ" ಎಂದು ಹೇಳಿ, ಮರುದಿನದಿಂದಲೇ ಕಾಲುವೆಯ ಸೇತುವೆಯವರೆಗೆ ನಡೆದು ಬರಲು ಶುರುಮಾಡಿದಳು. ಅನ್ನ ಅರ್ಧ ಮಾಡಿದಳು, ಬೆಲ್ಲದ ಚಹಾ ಬಿಟ್ಟಳು. ನರ್ಸಬಾಯಿಯವರು ಹದಿನೈದು ದಿನಕ್ಕೊಮ್ಮೆ ಮನೆಗೇ ಬಂದು ಅವಳ ಬೆರಳು ಚುಚ್ಚಿ ನೋಡುತ್ತಿದ್ದರು. ವರ್ಷದೊಳಗೆ ಅಕ್ಕನ ಕಾಲಿನ ಉರಿ ನಿಂತಿತು. ಅವರು ಬಂದಾಗಲೆಲ್ಲ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂಡುತ್ತಿದ್ದೆ.

ಊರಿನ ಸಿಟ್ಟು ಬೇರೆಯದಾಗಿತ್ತು. ನಮ್ಮ ಜನಕ್ಕೆ ವೈದ್ಯವೆಂದರೆ ಸೂಜಿ. ದೊಡ್ಡ ವೈದ್ಯವೆಂದರೆ ಸಲಾಯಿನ್. ಒಮ್ಮೆ ಅಗಸಿ ಓಣಿಯ ರೈತನೊಬ್ಬ ಮೈಕೈ ನೋವೆಂದು ಕೇಂದ್ರಕ್ಕೆ ಬಂದು ಸಲಾಯಿನ್ ಹಚ್ಚಲು ಹೇಳಿದ. ಬೇಕಿಲ್ಲ ಎಂದು ಅವರು ಗುಳಿಗೆ ಕೊಟ್ಟು, ತಂಬಾಕು ಬಿಡಲು ಹೇಳಿದರು.

"ಒಂದ ಸೂಜಿ ಮಾಡಾಕ ಬರಂಗಿಲ್ಲ, ಒಂದ ಸಲಾಯಿನ್ ಹಚ್ಚಾಕ ಬರಂಗಿಲ್ಲ. ನಡೀರಿ, ಉಪ್ಪು ಬಿಡ್ರಿ, ತಂಬಾಕ ಬಿಡ್ರಿ. ಇದಕ್ಕೇನ ಸರಕಾರ ನಿನಗ ಪಗಾರ ಕೊಡೂದು?"

"ಜಡ್ಡ ಬರಬಾರದು ಅಂತ ಕೊಡತೈತ್ರಿ ಕಾಕಾ."

"ಬರದ ಇದ್ದ ಜಡ್ಡಿಗೆ ಪಗಾರಾ!" ಎಂದವನೇ ಎದುರಿನ ಕಬ್ಬಿಣದ ಕುರ್ಚಿಯನ್ನು ಎತ್ತಿ ಎಸೆದ. ಅದು ಅವರ ಮೊಣಕಾಲಿಗೆ ಬಡಿಯಿತು. ಹಿಂದಿನ ಕಿಟಕಿಯ ಗಾಜು ಒಡೆಯಿತು. ಅವರು ಮೇಲಿನವರಿಗೆ ಬರೆದರು. ಮೇಲಿನಿಂದ ಬಂದ ಉತ್ತರವನ್ನು ಸಮಿತಿಯ ಅಧ್ಯಕ್ಷನಾಗಿ ನಾನೂ ಓದಿದ್ದೇನೆ: ಸ್ಥಳೀಯರೊಂದಿಗೆ ಸೌಹಾರ್ದದಿಂದ ವರ್ತಿಸತಕ್ಕದ್ದು. ಕುರ್ಚಿಯ ಬಗ್ಗೆ ಒಂದು ಶಬ್ದವಿರಲಿಲ್ಲ. ಆ ಉತ್ತರ ಬರೆದವನ ಮೊಣಕಾಲಿಗೂ ಒಂದು ಕಬ್ಬಿಣದ ಕುರ್ಚಿ ಬೀಳಲಿ ಎಂದು ನಾನು ಅಂದು ಬಯಸಿದ್ದೆ. ಇಂದಿಗೂ ಆ ಬಯಕೆಯನ್ನು ಹಿಂದಕ್ಕೆ ಪಡೆದಿಲ್ಲ.

ಇನ್ನು ಆ ಬೇಸಿಗೆ... ಕಾಲುವೆಯ ಸರದಿ ತಡವಾಗಿತ್ತು. ಕೆರೆಯ ತಳದಲ್ಲಿ ಹಸಿರು ಪಾಚಿ ಉಳಿದು, ಅದೂ ಒಣಗಿ ಬಿರುಕು ಬಿಟ್ಟಿತ್ತು. ದಿನ ಬಿಟ್ಟು ದಿನ ಟ್ಯಾಂಕರ್ ಬಂದು ಮನೆಗೆ ನಾಲ್ಕೇ ಕೊಡ ನೀರು ಹಾಕುತ್ತಿತ್ತು. ಆ ನಾಲ್ಕು ಕೊಡಕ್ಕಾಗಿ ಹೆಣ್ಣುಮಕ್ಕಳು ಜುಟ್ಟು ಹಿಡಿದು ಹೊಡೆದಾಡಿದ್ದನ್ನು, ಓಲೆ ಕಿತ್ತು ಒಬ್ಬಳ ಕಿವಿ ಹರಿದು ರಕ್ತ ಸೋರಿದ್ದನ್ನು ನಾನು ನೋಡಿದ್ದೇನೆ. ಕಡೆಗೆ ಒಂದು ದಿನ ಕಾಲುವೆಯಲ್ಲಿ ನೀರು ಬಂತು. ಎರಡು ದಿನ ಹಗಲೂ ರಾತ್ರಿ ಕೆರೆಗೆ ಹರಿಯಿತು. ಊರಿಗೆ ಊರೇ ದಂಡೆಯ ಮೇಲೆ ನಿಂತು ನೋಡಿತು. ಮೂರನೆಯ ದಿನ ಕುಡಿಯಬಹುದಲ್ಲ ಎಂಬ ಆಸೆಯಿಂದ.

ಪೂಜೆಯ ಹಿಂದಿನ ಸಂಜೆ ನರ್ಸಬಾಯಿಯವರು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಸಣ್ಣ ಗಾಜಿನ ಬಾಟಲಿ. ಅದರಲ್ಲಿ ನೀರು ತುಂಬಿಸಿ ಒಂದು ದಿನ ಇಟ್ಟರೆ, ಹೊಲಸು ಇರುವ ನೀರು ತಾನಾಗಿ ಕಪ್ಪಾಗುತ್ತದೆ. ಆ ಬಾಟಲಿ ಇದ್ದಿಲಿನಂತೆ ಕಪ್ಪಾಗಿತ್ತು.

"ಮ್ಯಾಲಿನ ಊರಾಗ ವಾಂತಿ-ಭೇದಿ ಸುರು ಆಗೈತ್ರಿ ಮಾಸ್ತರ. ಅದ ನೀರು ನಮ್ಮ ಕೆರಿಗೆ ಬಂದೈತಿ. ದಂಡಿ ಮ್ಯಾಲಿನ ಸೋಸೂ ಬಾವ್ಯಾಗ ಪುಡಿ ಹಾಕತೀನಿ, ಮೂರ ದಿವಸ ಬಿಟ್ಟು ಆ ಬಾವಿ ನೀರು ಕುಡೀರಿ. ಅಲ್ಲಿತನಾ ಟ್ಯಾಂಕರ್ ಬರತೈತಿ, ನಾ ಮಾತಾಡೀನಿ. ಆದ್ರ ನಾ ಹೇಳಿದ್ರ ಯಾರೂ ಕೇಳಂಗಿಲ್ಲ. ನೀವು ನಾಳೆ ಕೊಡ ಎತ್ತಲಿಲ್ಲಂದ್ರ ಯಾರೂ ಎತ್ತಂಗಿಲ್ಲ."

ನಾನು ಪತ್ರಿಕೆಯನ್ನು ಕೆಳಗಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಇಡೀ ಊರು ನನ್ನ ಒಂದು ಕೈಯ ಮೇಲೆ ನಿಂತಿದೆ ಎಂದು ಆ ಹುಡುಗಿ ಹೇಳಿದ್ದು ನನಗೆ ಹಿತವಾಯಿತು, ಅದನ್ನೂ ಮುಚ್ಚಿಡುವುದಿಲ್ಲ. "ಆತವಾ, ನಾ ಎತ್ತಂಗಿಲ್ಲ. ಹೋಗು" ಎಂದೆ. ಪಂಚಾಯತಿಯ ಅಧ್ಯಕ್ಷ ಕೆರೆಯ ಗೇಟಿನ ಕೀಲಿಯನ್ನು ತಾನಾಗಿಯೇ ಅವರ ಕೈಗೆ ಕೊಟ್ಟದ್ದನ್ನು ನಮ್ಮ ಮನೆಯ ಮುಂದೆಯೇ ನಾನು ಕಂಡೆ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಆತ ಆಮೇಲೆ ಆ ಕೀಲಿ ಕಳುವಾಗಿತ್ತೆಂದು ಹೇಳಿದ.

ಮರುದಿನ ಹಲಗೆ ಬಡಿಯುತ್ತ, ಉಡಿಯ ಸಾಮಾನು ಹೊತ್ತು ಎಲ್ಲರೂ ಕೆರೆಗೆ ಹೋದೆವು. ಬೆಳಗಿನ ಎಂಟರ ಬಿಸಿಲೇ ಬೆನ್ನು ಸುಡುತ್ತಿತ್ತು. ಗೇಟಿಗೆ ಒಳಗಿನಿಂದ ಬೀಗ ಬಿದ್ದಿತ್ತು. ಒಳಗೆ, ಕೆರೆಯ ನೀರು ಮರಳಿನಲ್ಲಿ ಸೋಸಿ ಇಳಿಯುವ ಸೋಸುಬಾವಿಯ ಹತ್ತಿರ, ನರ್ಸಬಾಯಿಯವರು ಪುಡಿಯ ಬಕೆಟ್ಟು ಹಿಡಿದು ನಿಂತಿದ್ದರು. ಬರಿಗಾಲಲ್ಲಿದ್ದರು, ಚಪ್ಪಲಿಯನ್ನು ಗೇಟಿನ ಹೊರಗೆ, ನಮ್ಮ ಪದ್ಧತಿಯಂತೆ, ಬಿಟ್ಟು ಹೋಗಿದ್ದರು.

ನಮ್ಮ ಕಾಕಾನ ಮಗ, ನನಗಿಂತ ಹತ್ತು ವರ್ಷ ಕಿರಿಯ, ಮುಂದೆ ಹೋಗಿ ಗೇಟು ಹಿಡಿದು ಅಲ್ಲಾಡಿಸಿದ. "ಬಾಯಾರ, ಕೀಲಿ ತಗೀರಿ. ಗಂಗವ್ವಗ ಕೀಲಿ ಹಾಕೋ ಧೈರ್ಯ ಈ ಊರಾಗ ಇನ್ನೂ ಯಾರಿಗೂ ಬಂದಿಲ್ಲ."

"ಪೂಜಿ ಮಾಡ್ರಿ, ಉಡಿ ತುಂಬ್ರಿ, ನಾನೂ ಕೈ ಮುಗೀತೀನ್ರಿ. ಕುಡೀಬ್ಯಾಡ್ರಿ, ಅಷ್ಟ. ಮೂರ ದಿವಸ," ಎಂದು ಅವರು ಕಪ್ಪು ಬಾಟಲಿಯನ್ನು ಎತ್ತಿ ತೋರಿಸಿದರು.

"ಅದರಾಗ ಮಸಿ ಹಾಕ್ಯಾಳ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೋದ ವರ್ಷ ಆಪರೇಶನ್ ಮಾಡಿಸ್ಕೊಳ್ರಿ ಅಂತ ಮನಿ ಮನಿ ತಿರಗತಿದ್ಲು. ಈಗ ನೀರಾಗ ಔಷಧ ಹಾಕಿ ಮಕ್ಕಳಾಗದಂಗ ಮಾಡಾಕತ್ತಾಳ ನೋಡ್ರಿ," ಎಂದಳು ಇನ್ನೊಬ್ಬಳು.

"ಪೂಜಿ ಮಾಡಿದ ನೀರು ಕುಡೀಬಾರದು ಅಂದ್ರ, ನಮ್ಮವ್ವ ಹೇಸಿಗಿ ಅಂದಂಗಾತಲ್ಲಬೇ!"

ಹಾರೆ ಎಲ್ಲಿಂದ ಬಂತೋ ಗೊತ್ತಿಲ್ಲ. ಬೀಗ ಎರಡೇ ಏಟಿಗೆ ಹಾರಿತು.

ಮೊದಲ ಏಟು ಕುರ್ಚಿ ಎಸೆದವನದು. ಎಡಗೈಯಿಂದ ಕಪಾಳಕ್ಕೆ ಹೊಡೆದ, ಯಾಕೆಂದರೆ ಬಲಗೈಯಲ್ಲಿ ಪೂಜೆಯ ತೆಂಗಿನಕಾಯಿ ಇತ್ತು. ಬಾಟಲಿ ಕೈಯಿಂದ ಜಾರಿ ಮೆಟ್ಟಿಲಿನ ಕಲ್ಲಿಗೆ ಬಿದ್ದು ಚೂರಾಯಿತು. ಎರಡನೆಯ ಏಟು ಒಬ್ಬ ಹೆಣ್ಣುಮಗಳದು. ಆಕೆಯ ಹೆರಿಗೆಯಲ್ಲಿ ರಕ್ತ ನಿಲ್ಲದಿದ್ದಾಗ ಇದೇ ನರ್ಸಬಾಯಿ ಆಂಬುಲೆನ್ಸಿನಲ್ಲಿ ಹೊಟ್ಟೆ ಒತ್ತಿ ಹಿಡಿದು ನವಲಗುಂದದವರೆಗೆ ಕೂತು ಹೋಗಿದ್ದರು. ಆಕೆ ಹಿತ್ತಾಳೆಯ ಕೊಡದಿಂದ ಭುಜಕ್ಕೆ ಹೊಡೆದಳು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಆಮೇಲಿನವು ಒದೆತಗಳು. ಅವುಗಳನ್ನು ಎಣಿಸುವುದು ನನ್ನಿಂದಲೂ ಆಗಲಿಲ್ಲ. ಮೆಟ್ಟಿಲಿಗೆ ಚಪ್ಪಲಿ ತಾಗಬಾರದೆಂಬ ಜನ ಬರಿಗಾಲಿನಿಂದಲೇ ಒದ್ದರು. ಕೊನೆಗೆ ಕಾಕಾನ ಮಗ ಬಕೆಟ್ಟು ಎತ್ತಿ, "ಇದು ಅಷ್ಟು ಛಲೋ ಇದ್ರ ನೀನ ತಿನ್ನು" ಎಂದು ಅವರ ಮುಖದ ಮೇಲೆ ಬೋರಲು ಹಾಕಿದ.

ಆ ಕಿರುಚಾಟವನ್ನು ನಾನು ಬರೆಯಲಾರೆ. ಬೆವರಿದ ಮುಖಕ್ಕೆ ಪುಡಿ ಮೆತ್ತಿಕೊಂಡಿತ್ತು. ಎರಡೂ ಕಣ್ಣನ್ನು ಅಂಗೈಯಲ್ಲಿ ಒತ್ತಿಕೊಂಡು, ಮೆಟ್ಟಿಲ ಮೇಲೆ ಹೊರಳುತ್ತ, "ನೀರು... ಯಾರರ ನೀರು ಹಾಕ್ರಿ..." ಎಂದರು. ಎರಡು ಮಾರು ಕೆಳಗೆ ಇಡೀ ಕೆರೆ ತುಂಬಿ ನಿಂತಿತ್ತು. ಯಾರೂ ಬಗ್ಗಲಿಲ್ಲ. ಹೊಡೆಯಲು ಹಿಂದೆಮುಂದೆ ನೋಡದ ಜನಕ್ಕೆ, ಮೊದಲ ಕೊಡ ಎತ್ತದೆ ನೀರು ಮುಟ್ಟಬಾರದೆಂಬುದು ಆಗ ನೆನಪಾಯಿತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ತಾಮ್ರದ ಕೊಡ ಇತ್ತು.

ಅವರಿಗೆ ನಾನು ಕಾಣುತ್ತಿರಲಿಲ್ಲ. ಆದರೂ ಆ ಮೌನ ಯಾತಕ್ಕೆಂದು ತಿಳಿದಿರಬೇಕು. "ಎತ್ತಬ್ಯಾಡ್ರಿ ಮಾಸ್ತರ," ಎಂದರು. ತಮ್ಮ ಕಣ್ಣು ಸುಡುತ್ತಿರುವಾಗ ಹೀಗೆ ಅಂದರು. ನಾನು ಅಲ್ಲಾಡಲಿಲ್ಲ. ಎಷ್ಟು ಹೊತ್ತೆಂದು ಹೇಳಲಾರೆ. ಅಷ್ಟು ಹೊತ್ತು ಮಾತ್ರ ನಾನು ಕೊಟ್ಟ ಮಾತಿನ ಮನುಷ್ಯನಾಗಿದ್ದೆ.

ಕಾಕಾನ ಮಗ ನಕ್ಕ. "ಅಣ್ಣಾ, ನಿನಗ ಆಗಂಗಿಲ್ಲಂದ್ರ ಹೇಳು. ಕೊಡದ ಮಾನಾ ಇವತ್ತಿಂದ ನಮ್ಮ ಮನಿಗೆ ಬರಲಿ. ಬೀಪಿ ಇದ್ದೋರಿಗೆ ತುಂಬಿದ ಕೊಡ ಭಾರ ಆಗತೈತಿ."

ಕಟ್ಟೆಯ ಮೇಲಿನ ಅದೇ ನಗು ಕೆರೆಯ ದಂಡೆಯ ತುಂಬ ಹಬ್ಬಿತು. ಆತ ನನ್ನ ಕೊಡಕ್ಕೆ ಕೈ ಹಾಕಿದ. ನಾನು ಅದನ್ನು ಕಿತ್ತುಕೊಂಡು, ಮೆಟ್ಟಿಲಿಳಿದು, ಅದ್ದಿ ಎತ್ತಿದೆ.

ಅದು ಅವರ ಕಣ್ಣು ತೊಳೆಯಲಿಕ್ಕಾಗಿತ್ತು ಎಂದು ಊರಿನಲ್ಲಿ ಕೆಲವರು ಇಂದಿಗೂ ಹೇಳುತ್ತಾರೆ. ಅಲ್ಲ. ನಾನು ಕೊಡವನ್ನು ಹೆಗಲಿಗೇರಿಸಿ, ಹೊರಳುತ್ತಿದ್ದ ಅವರ ಪಕ್ಕದಿಂದಲೇ ಹಾಯ್ದು, ಹಲಗೆ ಬಡಿಯುವವರ ಹಿಂದೆ ಬಸವಣ್ಣನ ಗುಡಿಗೆ ಹೋದೆ. ಹಾಯುವಾಗ ಆ ವಾಸನೆ ಬಡಿಯಿತು...

ಅವರ ಕಣ್ಣು ತೊಳೆದವಳು ನನ್ನ ಅಕ್ಕ. ಕೆರೆಗೆ ನಮ್ಮ ಮನೆ ಹತ್ತಿರ. ಓಡಿ ಹೋಗಿ, ಮನೆಯಲ್ಲಿ ಉಳಿದಿದ್ದ ಒಂದೇ ಕೊಡ ಟ್ಯಾಂಕರ್ ನೀರನ್ನು ಹೊತ್ತು ತಂದು, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊಡ ಬರಿದಾಗುವ ತನಕ ಸುರಿದಳಂತೆ. ಆಮೇಲೆ ಆಂಬುಲೆನ್ಸು ಬಂದು ಅವರನ್ನು ಒಯ್ಯಿತು.

ಗುಡಿಯಿಂದ ನಾನು ಮನೆಗೆ ಬಂದಾಗ ಮಧ್ಯಾಹ್ನ. ಅಕ್ಕ ಒದ್ದೆ ಸೀರೆಯಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದಳು. ಮನೆಯಲ್ಲಿ ಹಳೆಯ ನೀರು ಒಂದು ತೊಟ್ಟೂ ಇರಲಿಲ್ಲ. ಬೊಗಸೆಗಳಿಗೆ ಹಾಕಿ ಉಳಿದ ನೀರಿನೊಂದಿಗೆ ನಾನು ತಂದ ಕೊಡದ ಕಡೆ ನೋಡಿದಳು. "ಕುದಿಸಿ ಆರಿಸಿ ಕುಡಿಯೂಣು, ತಡಿ," ಎಂದೆ.

"ಊರ ಮಂದಿಗೆಲ್ಲಾ ಹಸೀದ ಕುಡಿಸಿ ಬಂದಿ, ನನಗ್ಯಾಕ ಕುದಿಸೂದು? ನೀ ಎತ್ತಿದ ನೀರಲ್ಲೇನು? ಕೊಡು," ಎಂದು ತಂಬಿಗೆ ತುಂಬಿಕೊಂಡು, ನನ್ನ ಮುಖ ನೋಡುತ್ತಲೇ ಕುಡಿದಳು. ಅಷ್ಟು ನಿಷ್ಠುರವಾಗಿ ಅವಳು ನನ್ನೊಂದಿಗೆ ಎಂದೂ ಮಾತಾಡಿರಲಿಲ್ಲ.

ಮರುದಿನ ಸಂಜೆಯ ಹೊತ್ತಿಗೆ ಓಣಿಗೆ ಇಬ್ಬರು, ಮೂವರು ಬಿದ್ದರು. ಅದರ ಮರುದಿನ ಮನೆಗೆ ಇಬ್ಬರು, ಮೂವರು. ಜಡ್ಡು ಅನ್ನುವುದು ಕಳ್ಳನಂತೆ ಬರುವುದನ್ನು ನೋಡಿದ್ದೆ. ಇದು ದಾಳಿಕೋರನಂತೆ ಬಂತು. ಶಾಲೆಯ ಕೋಣೆಗಳಲ್ಲಿ, ನಾನು ಮಗ್ಗಿ ಹೇಳಿಸಿದ ನೆಲದ ಮೇಲೆ, ಜನ ತಮ್ಮದೇ ಹೊಲಸಿನಲ್ಲಿ ಹೊರಳಾಡಿದರು. ಕಣ್ಣು ಗುಳಿ ಬಿದ್ದವು, ಕಾಲ ಸ್ನಾಯುಗಳು ಹಗ್ಗದಂತೆ ಹೊಸೆದುಕೊಂಡವು. ತಾಯಂದಿರು ನರ್ಸಬಾಯಿ ಎಲ್ಲಿ, ನರ್ಸಬಾಯಿ ಎಲ್ಲಿ ಎಂದು ಅರಚಿದರು.

ಅವರು ಬಂದರು. ಇದನ್ನು ನಂಬದವರು ನಂಬದಿರಲಿ. ಒಂದು ಕಣ್ಣಿಗೆ ಬ್ಯಾಂಡೇಜು, ಒಂದು ಕೈ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ. ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಕೂಡಲೇ ಹೋಗೆಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ಬ್ಯಾಗಿನಲ್ಲಿ. ಎರಡು ಹಗಲು ಶಾಲೆಯ ಪಡಸಾಲೆಯಲ್ಲಿ ನಿಂತು, ಒಂದೇ ಕೈಯಿಂದ ಉಪ್ಪು-ಸಕ್ಕರೆಯ ಪುಡಿ ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ಕುರ್ಚಿ ಎಸೆದವನೂ ಅಲ್ಲಿ ಬಿದ್ದಿದ್ದ. "ಬಾಯಾರ, ಸಲಾಯಿನ್..." ಎಂದ.

"ಹಚ್ಚತೀವ್ರಿ ಕಾಕಾ," ಎಂದರು ಅವರು, ದನಿ ಏರಿಸದೆ. "ಈಗ ಎಲ್ಲಾರಿಗೂ ಹಚ್ಚತೀವಿ."

ಆತ ಬದುಕಿದ. ನಮ್ಮ ಕಾಕಾನ ಮಗನೂ ಬದುಕಿದ. ತಳವಾರ ಓಣಿಯ ಒಬ್ಬ ಮುದುಕನೂ ಎರಡು ವರ್ಷದ ಒಂದು ಕೂಸೂ ಉಳಿಯಲಿಲ್ಲ. ಅಕ್ಕನೂ ಬಿದ್ದಿದ್ದಳು; ಅವಳನ್ನು ನರ್ಸಬಾಯಿಯವರೇ ಆಂಬುಲೆನ್ಸಿಗೆ ಹತ್ತಿಸಿದರು. "ಇವರಿಗೆ ಶುಗರ್ ಐತಿ, ಮೂತ್ರಪಿಂಡ ನೋಡ್ಕೊಳ್ರಿ ಅಂತ ಅಲ್ಲಿ ಹೇಳ್ರಿ ಮಾಸ್ತರ, ಮರೀಬ್ಯಾಡ್ರಿ," ಎಂದು ಅಕ್ಕನ ಕೈ ಹಿಡಿದು, "ಸೇತುವೆತನಾ ಮತ್ತ ನಡೀಬೇಕು ನೀವು, ಬೇಗ ಬರ್ರಿ" ಎಂದರು. ಅದೇ ದಿನ ಅವರನ್ನು ಕೆಲಸದಿಂದ ಬಿಡುಗಡೆ ಮಾಡಿ ಬೇರೆ ಕಡೆಗೆ ಹಾಕಿದ ಆದೇಶ ಬಂತು. ಅಕ್ಕ ಹುಬ್ಬಳ್ಳಿಯಲ್ಲಿ ಹನ್ನೆರಡು ದಿನ ಇದ್ದಳು. ಹದಿಮೂರನೆಯ ದಿನ ಅವಳನ್ನು ತಂದು ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು.

ವಿಚಾರಣೆಗೆ ಸಾಹೇಬರೊಬ್ಬರು ಬಂದರು. ತಾವು ಬಾಟಲಿ ನೀರು ತಂದುಕೊಂಡಿದ್ದರು. ಪಂಚಾಯತಿಯ ಅಧ್ಯಕ್ಷ ತನ್ನ ಕೀಲಿ ಕಳುವಾಗಿತ್ತೆಂದ. ಪುಡಿಯ ಬಕೆಟ್ಟು ನರ್ಸಬಾಯಿಯ ಕೈಜಾರಿ ಅವರ ಮೈಮೇಲೆ ತಾನೇ ಬಿತ್ತೆಂದು ಕಾಕಾನ ಮಗ ಹೇಳಿದ. ಸಾಹೇಬರು ನನ್ನ ಕಡೆ ತಿರುಗಿ, ನೀವು ಹಿರಿಯರು, ಸಮಿತಿಯ ಅಧ್ಯಕ್ಷರು, ಹೊಡೆದವರು ಯಾರೆಂದು ಹೇಳಿ ಎಂದರು. ನಾನು ಒಬ್ಬೊಬ್ಬರ ಹೆಸರು ಹೇಳಿದರೆ ಅವರೆಲ್ಲ ನಾನು ಕೊಡ ಎತ್ತಿದ ಮಾತು ತೆಗೆಯುತ್ತಿದ್ದರು. "ಗದ್ದಲದಾಗ ಕಾಣಲಿಲ್ರಿ," ಎಂದೆ. ಹೊಸ ಪದ್ಧತಿಯ ಬಗ್ಗೆ ಜನರ ವಿಶ್ವಾಸ ಗಳಿಸುವಲ್ಲಿ ಸಿಬ್ಬಂದಿ ವಿಫಲ ಎಂದು ವರದಿಯಾಯಿತು. ಮೇಲೆ ಕುಳಿತು ಸುಧಾರಣೆ ಬರೆದವರು, ಅದನ್ನು ಹೊತ್ತು ತಂದವಳ ಕಣ್ಣಿಗೆ ಒಂದು ಸಾಲಿನಲ್ಲಿ ಬೆಲೆ ಕಟ್ಟಿ ಎದ್ದು ಹೋದರು. ಆ ಸಾಲಿಗೆ ಮಸಿ ಒದಗಿಸಿದವನು ನಾನು.

ಈಗ ಊರು ಜಾಣವಾಗಿದೆ. ಸೋಸಿದ ನೀರು ನಳದಲ್ಲಿ ಬರುತ್ತದೆ, ಪುಡಿ ತಾನಾಗಿ ಬೀಳುವ ಯಂತ್ರವಿದೆ. ಹೊಸ ನೀರು ಬಂದರೆ ಪರೀಕ್ಷೆಯಾಗುವ ತನಕ ಮೊದಲ ಕೊಡ ಎತ್ತುವುದಿಲ್ಲ. ಹೋದ ವರ್ಷ ಕಾಕಾನ ಮಗ ಯಾರೋ ಬೀಗರಿಗೆ, "ಮದ್ಲಿಂದಲೂ ನಮ್ಮಲ್ಲಿ ಹಿಂಗ ಪದ್ಧತಿ ಐತ್ರಿ, ನೀರು ತಿಳಿಯಾಗೂತನಾ ಮುಟ್ಟಂಗಿಲ್ಲ" ಎಂದು ಹೇಳುತ್ತಿದ್ದುದನ್ನು ನನ್ನ ಕಿವಿಯಿಂದ ಕೇಳಿದೆ. ಕೊಡ ಎತ್ತುವವನು ಈಗ ಅವನೇ. ನಾನು ಆ ಮೆಟ್ಟಿಲು ಇಳಿದು ವರ್ಷಗಳಾದವು.

ತಂಬಿಗೆಯ ಆ ನೀರು ಕುಡಿದ ಮರುದಿನ ಕೇಂದ್ರಕ್ಕೆ ಹೋಗಿ, ಈಗಿರುವ ಸಿಸ್ಟರನ್ನು ಕೇಳಿದೆ. ಹಳಬರು ಸರ್ಕಾರಿ ನೌಕರಿ ಬಿಟ್ಟು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದಾರೆ ಎಂದರು. ಸೋಮವಾರ ಬಸ್ಸು ಹತ್ತಿದೆ. ಅಂಗಿಯ ಜೇಬಿನಲ್ಲಿ ನನ್ನ ಸಹಿಯ ಹೇಳಿಕೆ ಇತ್ತು: ಮೊದಲ ಏಟಿನಿಂದ ಬಕೆಟ್ಟಿನವರೆಗೆ ಎಲ್ಲರ ಹೆಸರು, ಕೊನೆಗೆ ನನ್ನದು. ಅದನ್ನು ಅವರ ಕೈಗಿಟ್ಟು, ಬೇಕಾದಲ್ಲಿ ಕೊಡಿ ಎನ್ನಬೇಕೆಂದಿದ್ದೆ.

ತುರ್ತು ವಾರ್ಡಿನ ಬಾಗಿಲಲ್ಲಿ ಸಿಕ್ಕರು. ಎಡಗಣ್ಣು ಹಾಲಿನಂತೆ ಬಿಳುಪಾಗಿದೆ. ಬಲಗಣ್ಣಿನಿಂದ ನನ್ನನ್ನು ಗುರುತು ಹಿಡಿದು, "ಮಾಸ್ತರ!" ಎಂದರು. ಸಾಲು ಮಂಚಗಳ ಮೇಲೆ ಸಲಾಯಿನ್ ಬಾಟಲಿಗಳು ತೂಗುತ್ತಿದ್ದವು. "ಇಲ್ಲಿ ಯಾರೂ ಬೈಯಂಗಿಲ್ರಿ. ಬಿದ್ದಮ್ಯಾಗ ಬರತಾರ, ಸೂಜಿ ಮಾಡತೀನಿ, ಕೈ ಮುಗದ ಹೋಗತಾರ," ಎಂದು ಸುಮ್ಮನೆ ನಕ್ಕರು. ನಾನು ಜೇಬಿಗೆ ಕೈ ಹಾಕಿದೆ.

"ಅಕ್ಕಾರು ಹೆಂಗದಾರ್ರಿ?" ಎಂದರು. "ಅವತ್ತ ಆಂಬುಲೆನ್ಸ್ ಹತ್ತಿಸಿದ್ದ ಕಡೀಕ ನೋಡಿದ್ದು. ಆ ಊರಾಗ ನನ್ನ ಮಾತು ಪೂರಾ ಕೇಳಿದಾಕಿ ಅವರೊಬ್ಬರ. ಶುಗರ್ ಕಂಟ್ರೋಲದಾಗ ಐತಿಲ್ರಿ?"

"ಐತವಾ," ಎಂದೆ.

"ನಡೀತಾರೇನ್ರಿ ಇನ್ನೂ?"

"ನಡೀತಾಳ."

ಅವರ ಮುಖ ಅರಳಿತು. ಅಷ್ಟು ಸಾಕು, ಆ ಎರಡು ವರ್ಷ ಸುಮ್ಮನ ಹೋಗಲಿಲ್ಲ ಅಂದಂಗಾತು ಎಂದರು. ಒಮ್ಮೆ ಕರೆದುಕೊಂಡು ಬರಲು ಹೇಳಿದರು. ಒಳಗಿನಿಂದ ಯಾರೋ ಕೂಗಿದರು, ಹೋದರು. ಹೇಳಿಕೆಯ ಹಾಳೆ ನನ್ನ ಜೇಬಿನಲ್ಲಿಯೇ ಊರಿಗೆ ಮರಳಿತು.

ಈ ಬರಹ ಅಚ್ಚಾದರೆ, ಎಂದಾದರೂ ಅವರ ಕೈಗೆ ಬಂದೀತು. ಬಂದರೆ, ಅವ್ವಾ, ಇಷ್ಟು ತಿಳಿದುಕೊಳ್ಳಿ: ನಾನು ಸೋಮವಾರ ನಿಮ್ಮೆದುರು ಹೇಳಿದ್ದು ಸುಳ್ಳು. ಅಕ್ಕ ಇಲ್ಲ. ನೀವು ಬೇಡವೆಂದ ನೀರನ್ನು ಅವಳು ಕುಡಿದಳು. ಮನೆಯಲ್ಲಿದ್ದ ಒಳ್ಳೆಯ ನೀರನ್ನು ನಿಮ್ಮ ಕಣ್ಣಿಗೆ ಸುರಿದು ಬಂದಿದ್ದಳು. ಎತ್ತಿದವನು ನಾನು.